ಮಣಿಕಟ್ಟಿಗೆ ಯಾವ ವಾಚು? ಸ್ಮಾರ್ಟ್ ವಾಚು ಮತ್ತು ತರಬೇತಿ ವಾಚಿನ ಲೆಕ್ಕಾಚಾರ



ಯಲಹಂಕ, ಜಕ್ಕೂರು, ಹೆಬ್ಬಾಳದ ಕಡೆ ಬೆಳಗಿನ ಆರು ಗಂಟೆಗೆ ಹೊರಟರೆ ಮೂರು ಬಗೆಯ ಜನ ಕಣ್ಣಿಗೆ ಬೀಳುತ್ತಾರೆ. ಆರೋಗ್ಯಕ್ಕಾಗಿ ಕೆರೆಯ ದಂಡೆಯ ಮೇಲೆ ನಡೆಯುವ ಹಿರಿಯರು ಒಂದು ಗುಂಪು. ಹತ್ತು ಕಿಲೋಮೀಟರ್ ಓಟಕ್ಕೋ ನಂದಿಬೆಟ್ಟದ ಸೈಕಲ್ ಸವಾರಿಗೋ ಸಿದ್ಧರಾಗುವ ಉದ್ಯೋಗಸ್ಥರು ಇನ್ನೊಂದು ಗುಂಪು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೋ ಸೇನೆಗೋ ಸೇರಬೇಕೆಂದು ದಿನವೂ ಬೆವರು ಹರಿಸುವ ನಿಮ್ಮ ವಯಸ್ಸಿನವರು ಮೂರನೆಯ ಗುಂಪು. ಮೂರೂ ಗುಂಪಿನವರ ಮಣಿಕಟ್ಟಿನ ಮೇಲೆ ಇಂದು ವಾಚು ಮಿನುಗುತ್ತದೆ. ಒಬ್ಬರದು ಎರಡು ಸಾವಿರ ರೂಪಾಯಿಯದು, ಮತ್ತೊಬ್ಬರದು ಐವತ್ತು ಸಾವಿರ ದಾಟಿದ್ದು. ಮೇಲ್ನೋಟಕ್ಕೆ ಎರಡೂ ಒಂದೇ: ಹೆಜ್ಜೆ, ದೂರ, ಹೃದಯಬಡಿತ ಎಲ್ಲವನ್ನೂ ತೋರಿಸುತ್ತವೆ. ಹಾಗಿದ್ದ ಮೇಲೆ ಈ ಬೆಲೆಯ ಅಂತರ ಏಕೆ? ನಮಗೆ ಬೇಕಾದದ್ದು ಯಾವುದು?

ಈ ಪ್ರಶ್ನೆಗೆ ಅಂಗಡಿಯವರು ಕೊಡುವ ಉತ್ತರ ಬೇರೆ, ವಿಜ್ಞಾನ ಕೊಡುವ ಉತ್ತರ ಬೇರೆ. ಅರ್ಧ ಗಂಟೆಯ ಟೆಲಿವಿಷನ್ ಮಾತುಕತೆಯಲ್ಲಿ ಲೆಕ್ಕ ಬಿಡಿಸಿ ತೋರಿಸಲು ಬಿಡುವಿರುವುದಿಲ್ಲ. ಆ ಲೆಕ್ಕವನ್ನು ಇಲ್ಲಿ ಕೊಟ್ಟಿದೆ. ಕಾಗದ, ಪೆನ್ಸಿಲ್ ಪಕ್ಕದಲ್ಲಿಟ್ಟುಕೊಂಡು ಓದಿದರೆ ಹೆಚ್ಚು ಪ್ರಯೋಜನ.

ಜಾಲಹಳ್ಳಿಯಿಂದ ಇಲ್ಲಿಯವರೆಗೆ

ಉತ್ತರ ಬೆಂಗಳೂರಿನವರಿಗೆ ವಾಚು ಹೊಸದೇನಲ್ಲ. ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರ ತಯಾರಿಸಲು ಆರಂಭಿಸಿತು. ಹತ್ತನೆಯ ತರಗತಿ ಪಾಸಾದ ಮಗನಿಗೆ, ಮದುವೆಯಾದ ಅಳಿಯನಿಗೆ ಎಚ್.ಎಂ.ಟಿ. ವಾಚು ಕೊಡುವುದು ಒಂದು ಕಾಲದಲ್ಲಿ ವಾಡಿಕೆಯೇ ಆಗಿತ್ತು. 2016ರ ಜನವರಿಯಲ್ಲಿ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು.

ಎಚ್.ಎಂ.ಟಿ. ಜನತಾ ವಾಚಿನೊಳಗಿನ ಸಮತೋಲನ ಚಕ್ರ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ 5 ಬಾರಿ ಮಿಡಿಯುತ್ತದೆ. ಅದು ದಿನಕ್ಕೆ ಅರ್ಧ ನಿಮಿಷದಷ್ಟು ಹಿಂದೆಮುಂದೆ ಆದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಬೆಳಿಗ್ಗೆ ಆಕಾಶವಾಣಿಯ ವಾರ್ತೆಯ ಹೊತ್ತಿಗೆ ಸರಿಪಡಿಸಿಕೊಂಡರೆ ಆಯಿತು. ಆಮೇಲೆ ಬಂದ ಕ್ವಾರ್ಟ್ಸ್ ವಾಚಿನಲ್ಲಿ ಸ್ಫಟಿಕದ ಚಿಕ್ಕ ಚೂರೊಂದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಇದು 2ರ 15ನೆಯ ಘಾತ ಎಂಬುದನ್ನು ಗಣಿತದ ವಿದ್ಯಾರ್ಥಿಗಳು ಗಮನಿಸಬೇಕು. ಹದಿನೈದು ಬಾರಿ ಎರಡರಿಂದ ಭಾಗಿಸಿದರೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಸಿಗುತ್ತದೆ. ಸಾಮಾನ್ಯ ಕ್ವಾರ್ಟ್ಸ್ ವಾಚು ತಿಂಗಳಿಗೆ ಸುಮಾರು 15 ಸೆಕೆಂಡು ವ್ಯತ್ಯಾಸ ತೋರಬಹುದು.

ಇಂದಿನ ಸ್ಮಾರ್ಟ್ ವಾಚಿನಲ್ಲೂ ತರಬೇತಿ ವಾಚಿನಲ್ಲೂ ಇರುವುದು ಇಂಥ ಸ್ಫಟಿಕವೇ. ಆದ್ದರಿಂದ ಒಂದು ಮಾತನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳೋಣ. ಸಮಯ ಅಳೆಯುವುದರಲ್ಲಿ ಎರಡು ಸಾವಿರದ ವಾಚಿಗೂ ಐವತ್ತು ಸಾವಿರದ ವಾಚಿಗೂ ಓಟಗಾರನಿಗೆ ಲೆಕ್ಕಕ್ಕೆ ಬರುವ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ದೂರ, ಹೃದಯಬಡಿತ ಮತ್ತು ಆ ಅಂಕಿಗಳನ್ನು ಬಳಸುವ ರೀತಿ, ಈ ಮೂರರಲ್ಲಿ.

ಎರಡು ಬಗೆ, ಎರಡು ಹುಟ್ಟು

ಸ್ಮಾರ್ಟ್ ವಾಚು ಹುಟ್ಟಿದ್ದು ಮೊಬೈಲ್ ಫೋನಿನಿಂದ. ಜೇಬಿನಲ್ಲಿರುವ ಫೋನಿನ ಕರೆ, ಸಂದೇಶ, ಹಾಡು, ಹಣ ಪಾವತಿ ಇವನ್ನು ಕೈಗೆ ತಂದುಕೊಡುವುದು ಅದರ ಮೊದಲ ಕೆಲಸ. 2015ರಲ್ಲಿ ಆಪಲ್ ಕಂಪನಿಯ ವಾಚು ಬಂದ ಮೇಲೆ ಈ ಬಗೆ ಮನೆಮಾತಾಯಿತು. ನಮ್ಮ ದೇಶದಲ್ಲಿ ನಾಯ್ಸ್, ಬೋಟ್, ಫೈರ್-ಬೋಲ್ಟ್, ಟೈಟಾನ್ ಸಂಸ್ಥೆಯ ಫಾಸ್ಟ್‌ಟ್ರ್ಯಾಕ್ ಮುಂತಾದ ಹೆಸರುಗಳ ವಾಚುಗಳು ಇದನ್ನು ಸಾಮಾನ್ಯರ ಕೈಗೆ ಎಟುಕುವಂತೆ ಮಾಡಿದವು.

ತರಬೇತಿ ವಾಚು ಹುಟ್ಟಿದ್ದು ಕ್ರೀಡಾಂಗಣದಿಂದ. ಫಿನ್‌ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ಎದೆಗೆ ಕಟ್ಟುವ ಪಟ್ಟಿಯೊಂದರಿಂದ ಹೃದಯಬಡಿತವನ್ನು ತಂತಿಯಿಲ್ಲದೆ ಮಣಿಕಟ್ಟಿನ ವಾಚಿಗೆ ಕಳುಹಿಸುವ ಸಾಧನವನ್ನು ಮಾರುಕಟ್ಟೆಗೆ ತಂದಿತು. 2003ರಲ್ಲಿ ಗಾರ್ಮಿನ್ ಕಂಪನಿ ಉಪಗ್ರಹಗಳ ನೆರವಿನಿಂದ ದೂರವನ್ನೂ ವೇಗವನ್ನೂ ತಿಳಿಸುವ ಫೋರ್‌ರನ್ನರ್ ವಾಚನ್ನು ಓಟಗಾರರಿಗಾಗಿ ತಯಾರಿಸಿತು. ಈ ಬಗೆಯ ವಾಚಿನ ಮೊದಲ ಕೆಲಸ ಅಳೆಯುವುದು, ಅಳೆದದ್ದನ್ನು ಬರೆದಿಡುವುದು. ಸಂದೇಶ ತೋರಿಸುವುದು ಆಮೇಲೆ ಸೇರಿಕೊಂಡ ಸೌಲಭ್ಯ.

ಇತ್ತೀಚಿನ ವರ್ಷಗಳಲ್ಲಿ ಇವೆರಡರ ನಡುವಿನ ಗೆರೆ ತೆಳುವಾಗುತ್ತಿದೆ. 2022ರಲ್ಲಿ ಬಂದ ಆಪಲ್ ಅಲ್ಟ್ರಾ ವಾಚು ದೂರದ ಓಟಗಾರರನ್ನೂ ಮುಳುಗುಗಾರರನ್ನೂ ಗಮನದಲ್ಲಿಟ್ಟುಕೊಂಡಿತು. ತರಬೇತಿ ವಾಚುಗಳೂ ಬಣ್ಣದ ಪರದೆ, ಹಾಡು, ಕರೆ ಎಂದು ಆಕರ್ಷಕವಾಗುತ್ತಿವೆ. ಆದ್ದರಿಂದ ಹೆಸರು ನೋಡಿ ನಿರ್ಧರಿಸುವ ಬದಲು, ಒಳಗಿನ ಸಂವೇದಕಗಳು ಕೆಲಸ ಮಾಡುವ ಬಗೆಯನ್ನು ಅರಿತು ನಿರ್ಧರಿಸುವುದು ಜಾಣತನ.

ದೂರ ಅಳೆಯುವುದು ಹೇಗೆ?

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ ತಾನಿರುವ ಸ್ಥಳವನ್ನೂ ಸಮಯವನ್ನೂ ರೇಡಿಯೋ ತರಂಗದ ಮೂಲಕ ಸಾರುತ್ತಿರುತ್ತದೆ. ಬೆಳಕಿನ ವೇಗದಲ್ಲಿ ಬರುವ ಆ ತರಂಗ ನೆತ್ತಿಯ ಮೇಲಿನ ಉಪಗ್ರಹದಿಂದ ನಮ್ಮನ್ನು ತಲುಪಲು ಸೆಕೆಂಡಿನ ನೂರರಲ್ಲಿ ಸುಮಾರು ಏಳು ಭಾಗ ಹಿಡಿಯುತ್ತದೆ. ಎಷ್ಟು ಹೊತ್ತು ಹಿಡಿಯಿತೆಂದು ಗೊತ್ತಾದರೆ ಉಪಗ್ರಹ ಎಷ್ಟು ದೂರದಲ್ಲಿದೆ ಎಂಬುದು ಗೊತ್ತಾಗುತ್ತದೆ. ಮೂರು ಉಪಗ್ರಹಗಳಿಂದ ಸ್ಥಳ ಸಿಗಬೇಕು. ಆದರೆ ವಾಚಿನ ಸ್ಫಟಿಕ ಉಪಗ್ರಹದಲ್ಲಿರುವ ಪರಮಾಣು ಗಡಿಯಾರದಷ್ಟು ನಿಖರವಲ್ಲ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಈ ತಪ್ಪನ್ನು ಸರಿಪಡಿಸಲು ನಾಲ್ಕನೆಯ ಉಪಗ್ರಹ ಬೇಕು.

ಈ ವಿದ್ಯೆಯಲ್ಲಿ ಭಾರತಕ್ಕೂ ಪಾಲಿದೆ. ನಮ್ಮದೇ ಆದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಉಪಗ್ರಹಗಳ ಜಾಡು ಹಿಡಿದು ನಿಯಂತ್ರಿಸುವ ಇಸ್ರೋದ ಇಸ್ಟ್ರಾಕ್ ಕೇಂದ್ರ ಇರುವುದು ಯಶವಂತಪುರದ ಪಕ್ಕದ ಪೀಣ್ಯದಲ್ಲಿ. 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ದೇಶದಲ್ಲೇ ತಯಾರಾದ ಪರಮಾಣು ಗಡಿಯಾರವಿದೆ. ಮೊಬೈಲು, ವಾಚುಗಳಂಥ ಚಿಕ್ಕ ಸಾಧನಗಳಿಗೆ ಅನುಕೂಲವಾಗುವ ಎಲ್-1 ಆವರ್ತವನ್ನೂ ಅದರಲ್ಲಿ ಸೇರಿಸಲಾಗಿದೆ.

ಈಗ ವಾಚಿಗೆ ಬರೋಣ. ಅಗ್ಗದ ಸ್ಮಾರ್ಟ್ ವಾಚುಗಳಲ್ಲಿ ಅನೇಕಕ್ಕೆ ಸ್ವಂತ ಜಿಪಿಎಸ್ ಇರುವುದೇ ಇಲ್ಲ. ಫೋನನ್ನು ಜೇಬಿನಲ್ಲಿಟ್ಟುಕೊಂಡು ಓಡಿದರೆ ಫೋನಿನ ಜಿಪಿಎಸ್ ಅಳೆದದ್ದನ್ನು ವಾಚು ತೋರಿಸುತ್ತದೆ. ಫೋನು ಮನೆಯಲ್ಲಿಟ್ಟು ಹೊರಟರೆ ಕೈಬೀಸಿನ ಲೆಕ್ಕದಿಂದ ಹೆಜ್ಜೆ ಎಣಿಸಿ, ಹೆಜ್ಜೆಯ ಉದ್ದವನ್ನು ಊಹಿಸಿ, ದೂರವನ್ನು ಅಂದಾಜು ಮಾಡುತ್ತದೆ. ನಡೆಯುವಾಗ ಹೆಜ್ಜೆ ಚಿಕ್ಕದು, ಓಡುವಾಗ ದೊಡ್ಡದು, ದಣಿದಾಗ ಮತ್ತೆ ಚಿಕ್ಕದು. ಅಂದಾಜು ಎಷ್ಟು ಏರುಪೇರಾಗಬಹುದೆಂದು ನೀವೇ ಊಹಿಸಬಹುದು.

ತರಬೇತಿ ವಾಚುಗಳಲ್ಲಿ ಸ್ವಂತ ಜಿಪಿಎಸ್ ಇರುತ್ತದೆ. ದುಬಾರಿಯವು ಎರಡು ಆವರ್ತಗಳನ್ನು ಒಟ್ಟಿಗೆ ಹಿಡಿಯುತ್ತವೆ: ಒಂದು 1575.42, ಇನ್ನೊಂದು 1176.45 ಮೆಗಾಹರ್ಟ್ಸ್. ಇದರ ಪ್ರಯೋಜನ ನಮ್ಮ ಭಾಗದಲ್ಲಿ ಚೆನ್ನಾಗಿ ಕಾಣುತ್ತದೆ. ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಉಪಗ್ರಹದ ತರಂಗಕ್ಕೆ ಕಾಂಕ್ರೀಟು ಅಡ್ಡ. ಯಶವಂತಪುರದ ಬಹುಮಹಡಿ ಕಟ್ಟಡಗಳ ನಡುವೆ ತರಂಗ ಗೋಡೆಗೆ ತಾಗಿ, ಪುಟಿದು, ಸುತ್ತು ಹಾದಿಯಲ್ಲಿ ವಾಚಿಗೆ ಬರುತ್ತದೆ. ಜಿ.ಕೆ.ವಿ.ಕೆ. ಆವರಣದ ಮರಗಳ ಸಾಲಿನಡಿ ತರಂಗ ಕ್ಷೀಣಿಸುತ್ತದೆ. ನೇರವಾಗಿ ಬಂದದ್ದು ಯಾವುದು, ಪುಟಿದು ಬಂದದ್ದು ಯಾವುದು ಎಂದು ಬೇರ್ಪಡಿಸಲು ಎರಡನೆಯ ಆವರ್ತ ನೆರವಾಗುತ್ತದೆ. ಜಕ್ಕೂರು ಕೆರೆಯಂಥ ಬಯಲಿನಲ್ಲಿ ಓಡುವವರಿಗೆ ಈ ಹೆಚ್ಚುವರಿ ಸೌಲಭ್ಯದ ಅಗತ್ಯ ಅಷ್ಟಾಗಿ ಇಲ್ಲ.

1600 ಮೀಟರಿನ ಲೆಕ್ಕ

ದೂರದ ತಪ್ಪು ಒಬ್ಬ ವಿದ್ಯಾರ್ಥಿಯ ಭವಿಷ್ಯವನ್ನು ಹೇಗೆ ತಟ್ಟಬಹುದು ಎಂಬುದಕ್ಕೆ ಒಂದು ಉದಾಹರಣೆ ನೋಡೋಣ. ಕರ್ನಾಟಕ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಅಧಿಸೂಚನೆಗಳಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕೆಂಬ ನಿಯಮ ಕಂಡುಬಂದಿದೆ. ನಿಮ್ಮ ವರ್ಷದ ಅಧಿಸೂಚನೆಯಲ್ಲಿ ಏನಿದೆ ಎಂಬುದನ್ನು ನೀವೇ ಓದಿಕೊಳ್ಳಬೇಕು.

ಒಬ್ಬ ಅಭ್ಯರ್ಥಿ ಬಡಾವಣೆಯ ರಸ್ತೆಯಲ್ಲಿ ವಾಚು ನೋಡಿಕೊಂಡು ಅಭ್ಯಾಸ ಮಾಡುತ್ತಾನೆ ಎಂದಿಟ್ಟುಕೊಳ್ಳಿ. ಅವನ ವಾಚು ದೂರವನ್ನು ನೂರಕ್ಕೆ 2ರಷ್ಟು ಹೆಚ್ಚಾಗಿ ತೋರಿಸುತ್ತದೆ. ವಾಚು 1600 ಮೀಟರ್ ಎಂದಾಗ ಅವನು ನಿಜವಾಗಿ ಓಡಿರುವುದು ಸುಮಾರು 1568 ಮೀಟರ್. ಆ ಹೊತ್ತಿಗೆ 6 ನಿಮಿಷ 25 ಸೆಕೆಂಡು, ಅಂದರೆ 385 ಸೆಕೆಂಡು ಆಗಿದೆ. ಐದು ಸೆಕೆಂಡು ಉಳಿಯಿತೆಂದು ಅವನು ನಿಶ್ಚಿಂತನಾಗುತ್ತಾನೆ. ಆದರೆ ಇನ್ನೂ 32 ಮೀಟರ್ ಬಾಕಿ ಇದೆ. ಅವನ ವೇಗ ಸೆಕೆಂಡಿಗೆ ಸುಮಾರು 4.07 ಮೀಟರ್. ಉಳಿದ ದೂರಕ್ಕೆ ಬೇಕಾಗುವುದು ಸುಮಾರು 7.9 ಸೆಕೆಂಡು. ಒಟ್ಟು 6 ನಿಮಿಷ 33 ಸೆಕೆಂಡು! ಮೈದಾನದಲ್ಲಿ ಅವನು ಮೂರು ಸೆಕೆಂಡಿನಿಂದ ಅನುತ್ತೀರ್ಣ. ತಿಂಗಳುಗಟ್ಟಲೆ ಪಟ್ಟ ಶ್ರಮದಲ್ಲಿ ಕೊರತೆಯಿರಲಿಲ್ಲ, ಅಳತೆಯಲ್ಲಿತ್ತು.

ವೃತ್ತಾಕಾರದ ಟ್ರ್ಯಾಕಿನಲ್ಲಂತೂ ಸಾಧಾರಣ ಜಿಪಿಎಸ್‌ಗೆ ಇನ್ನಷ್ಟು ಕಷ್ಟ. ಬ್ಯಾಟರಿ ಉಳಿಸಲು ಕೆಲವು ವಾಚುಗಳು ಕೆಲವು ಸೆಕೆಂಡಿಗೊಮ್ಮೆ ಮಾತ್ರ ಸ್ಥಳವನ್ನು ಗುರುತಿಸುತ್ತವೆ. ಎರಡು ಗುರುತುಗಳ ನಡುವೆ ನೇರ ಗೆರೆ ಎಳೆದಾಗ ತಿರುವು ಕತ್ತರಿಸಿಹೋಗಿ ದೂರ ಕಡಿಮೆಯಾಗುತ್ತದೆ. ಕೆಲವು ತರಬೇತಿ ವಾಚುಗಳಲ್ಲಿ ಟ್ರ್ಯಾಕ್ ಓಟಕ್ಕೆಂದೇ ಬೇರೆ ವ್ಯವಸ್ಥೆ ಇದೆ. ಎಷ್ಟನೆಯ ಪಟ್ಟೆಯಲ್ಲಿ ಓಡುತ್ತಿದ್ದೀರಿ ಎಂದು ಮೊದಲೇ ಹೇಳಿದರೆ ಅದು ದೂರವನ್ನು ಸರಿಹೊಂದಿಸಿಕೊಳ್ಳುತ್ತದೆ. ಏಕೆಂದರೆ ಮೊದಲ ಪಟ್ಟೆಯ ಸುತ್ತು 400 ಮೀಟರಾದರೆ ಎಂಟನೆಯ ಪಟ್ಟೆಯದು ಸುಮಾರು 453 ಮೀಟರ್.

ಆದರೆ ಇದಕ್ಕೆಲ್ಲ ಅತಿ ಸುಲಭವಾದ, ಅತಿ ನಿಖರವಾದ ಪರಿಹಾರ ಒಂದಿದೆ: ಅಳೆದು ಗುರುತು ಮಾಡಿದ ಮೈದಾನ ಮತ್ತು ಒಂದು ಸ್ಟಾಪ್‌ವಾಚು. 400 ಮೀಟರ್ ಟ್ರ್ಯಾಕಿನ ಮೊದಲ ಪಟ್ಟೆಯಲ್ಲಿ ನಾಲ್ಕು ಸುತ್ತು, 200 ಮೀಟರಿನ ಶಾಲಾ ಮೈದಾನದಲ್ಲಿ ಎಂಟು ಸುತ್ತು. ಗುಂಡಿ ಒತ್ತುವ ಬೆರಳು ತಡಮಾಡಿದರೂ ತಪ್ಪು ಸೆಕೆಂಡಿನ ಕಾಲು ಭಾಗದಷ್ಟು. ಎಂಟು ಸೆಕೆಂಡಿನ ತಪ್ಪೆಲ್ಲಿ, ಕಾಲು ಸೆಕೆಂಡಿನ ತಪ್ಪೆಲ್ಲಿ! ಸ್ಟಾಪ್‌ವಾಚು ನಿಮ್ಮ ಫೋನಿನಲ್ಲೇ ಇದೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಸಂಗತಿ ರಸ್ತೆ ಓಟದಲ್ಲಿ ಎದುರಾಗುತ್ತದೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವಿಶ್ವ 10ಕೆ ಓಟದಂಥ ಸ್ಪರ್ಧೆ ಮುಗಿಸಿದವರು ತಮ್ಮ ವಾಚು 10.15 ಕಿಲೋಮೀಟರ್ ತೋರಿಸಿತೆಂದು ಆಯೋಜಕರನ್ನು ದೂರುವುದುಂಟು. ಪ್ರಮಾಣೀಕರಿಸಿದ ಓಟದ ಹಾದಿಯನ್ನು ಸೈಕಲ್ ಚಕ್ರಕ್ಕೆ ಜೋಡಿಸಿದ ಎಣಿಕೆ ಯಂತ್ರದಿಂದ, ತಿರುವುಗಳ ಅತಿ ಹತ್ತಿರದ ಗೆರೆಯ ಮೇಲೆ ಅಳೆಯುತ್ತಾರೆ. ಹಾದಿ ಎಲ್ಲೂ ಕಡಿಮೆಯಾಗಬಾರದೆಂದು ಸಾವಿರಕ್ಕೆ ಒಂದರಂತೆ, ಅಂದರೆ ಹತ್ತು ಕಿಲೋಮೀಟರಿಗೆ 10 ಮೀಟರ್, ಬೇಕೆಂದೇ ಹೆಚ್ಚು ಸೇರಿಸುತ್ತಾರೆ. ಗುಂಪಿನಲ್ಲಿ ಅತ್ತಿತ್ತ ಸರಿಯುತ್ತ ಓಡುವವರು ಆ ಗೆರೆಯನ್ನು ಹಿಡಿಯುವುದಿಲ್ಲ. ಜೊತೆಗೆ ಜಿಪಿಎಸ್‌ನ ತಪ್ಪೂ ಸೇರುತ್ತದೆ. ಹೀಗೆ ಹಾದಿ ಸರಿಯಿದ್ದರೂ ವಾಚು ಹೆಚ್ಚು ತೋರಿಸಬಹುದು.

ಹೃದಯಬಡಿತ: ಬೆಳಕೋ, ವಿದ್ಯುತ್ತೋ?

ವಾಚಿನ ಬೆನ್ನಿನಲ್ಲಿ ಹಸಿರು ದೀಪ ಮಿನುಗುವುದನ್ನು ನೋಡಿರುತ್ತೀರಿ. ರಕ್ತ ಕೆಂಪಾಗಿರುವುದರಿಂದ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತ ಹೆಚ್ಚುತ್ತದೆ, ಹಿಂತಿರುಗುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತವನ್ನು ಎಣಿಸಿ ವಾಚು ನಾಡಿಮಿಡಿತವನ್ನು ಹೇಳುತ್ತದೆ.

ಸುಮ್ಮನೆ ಕುಳಿತಾಗ, ಮಲಗಿದಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಓಡುವಾಗ ಕೈ ಅಲುಗುತ್ತದೆ, ಪಟ್ಟಿ ಸಡಿಲವಾಗಿದ್ದರೆ ಹೊರಗಿನ ಬೆಳಕು ನುಗ್ಗುತ್ತದೆ, ಚಳಿಯಲ್ಲಿ ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಹಚ್ಚೆ ಇದ್ದಲ್ಲಿ ಬೆಳಕು ಒಳಹೋಗುವುದೇ ಕಷ್ಟ. ಇನ್ನೂ ಒಂದು ವಿಚಿತ್ರವಿದೆ. ಓಡುವವನ ಹೆಜ್ಜೆಗಳು ನಿಮಿಷಕ್ಕೆ 160ರಿಂದ 180ರ ಆಸುಪಾಸಿನಲ್ಲಿರುತ್ತವೆ. ಕೆಲವು ಸಲ ವಾಚು ಹೃದಯದ ಲಯವನ್ನು ಬಿಟ್ಟು ಹೆಜ್ಜೆಯ ಲಯವನ್ನೇ ಹಿಡಿದುಕೊಂಡು, ಅದನ್ನೇ ಹೃದಯಬಡಿತವೆಂದು ತೋರಿಸಿಬಿಡುತ್ತದೆ!

ಎದೆಗೆ ಕಟ್ಟುವ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆಯುವ ತತ್ವವೇ ಇದು. ಆದ್ದರಿಂದ ಬಿರುಸಿನ ಓಟದಲ್ಲಿ ಮಣಿಕಟ್ಟಿನ ಬೆಳಕಿಗಿಂತ ಎದೆಪಟ್ಟಿ ನಂಬಿಕೆಗೆ ಅರ್ಹ. ತರಬೇತಿ ವಾಚುಗಳು ಸಾಮಾನ್ಯವಾಗಿ ಎದೆಪಟ್ಟಿಯೊಂದಿಗೆ ಜೊತೆಗೂಡುತ್ತವೆ. ಅಗ್ಗದ ಸ್ಮಾರ್ಟ್ ವಾಚುಗಳಲ್ಲಿ ಅನೇಕಕ್ಕೆ ಈ ಸೌಲಭ್ಯ ಇರುವುದಿಲ್ಲ. ಬ್ಲೂಟೂತ್ ಇರುವ ಎದೆಪಟ್ಟಿ ನೇರವಾಗಿ ಫೋನಿಗೂ ಮಾಹಿತಿ ಕಳಿಸಬಲ್ಲದು. ವಾಚೇ ಇಲ್ಲದೆ, ಎದೆಪಟ್ಟಿ ಮತ್ತು ಫೋನು ಇವೆರಡರಿಂದಲೇ ಒಳ್ಳೆಯ ದಾಖಲೆ ಇಡಬಹುದು ಎಂಬುದು ಅನೇಕರಿಗೆ ಗೊತ್ತಿಲ್ಲ.

ಅಳೆದ ಅಂಕಿ, ಊಹಿಸಿದ ಅಂಕಿ

ವಾಚಿನ ಪರದೆಯ ಮೇಲೆ ಕಾಣುವ ಅಂಕಿಗಳಲ್ಲಿ ಕೆಲವು ಅಳೆದವು, ಕೆಲವು ಲೆಕ್ಕ ಹಾಕಿ ಊಹಿಸಿದವು. ವಿಜ್ಞಾನದ ವಿದ್ಯಾರ್ಥಿ ಈ ಭೇದವನ್ನು ಮರೆಯಬಾರದು. ಸಮಯ, ಸ್ಥಳ, ನಾಡಿಮಿಡಿತ ಇವು ಅಳೆದವು. ಸುಟ್ಟ ಕ್ಯಾಲೊರಿ, ನಿದ್ರೆಯ ಗುಣಮಟ್ಟ, ವಿಶ್ರಾಂತಿಗೆ ಬೇಕಾದ ಗಂಟೆಗಳು, ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ಇವೆಲ್ಲ ಊಹೆಗಳು.

ಹೃದಯಬಡಿತದ ವಲಯಗಳನ್ನೇ ತೆಗೆದುಕೊಳ್ಳಿ. ಗರಿಷ್ಠ ಬಡಿತವನ್ನು 220ರಿಂದ ವಯಸ್ಸನ್ನು ಕಳೆದು ಹೇಳುವುದು ಹಳೆಯ ಸೂತ್ರ. 18 ವರ್ಷದವರಿಗೆ ಅದು 202. ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವುದು 2001ರಲ್ಲಿ ಪ್ರಕಟವಾದ ಸೂತ್ರ. ಅದರಂತೆ ಸುಮಾರು 195. ಒಂದೇ ವಯಸ್ಸಿನ ಇಬ್ಬರಲ್ಲಿ ನಿಜವಾದ ಗರಿಷ್ಠ ಬಡಿತ ಇದಕ್ಕಿಂತ ಹತ್ತು ಹೆಚ್ಚೋ ಕಡಿಮೆಯೋ ಇರಬಹುದು. ವಾಚು ಸೂತ್ರದಿಂದ ತಾನಾಗಿ ಇಟ್ಟುಕೊಂಡ ವಲಯವನ್ನು ವೇದವಾಕ್ಯವೆಂದು ನಂಬಿ ಓಡಬಾರದು.

ಫಿನ್‌ಲೆಂಡಿನ ಕಾರ್ವೊನೆನ್ ಎಂಬ ವಿಜ್ಞಾನಿ 1957ರಲ್ಲಿ ತನ್ನ ಸಂಗಡಿಗರೊಂದಿಗೆ ಪ್ರಕಟಿಸಿದ ಅಧ್ಯಯನದಿಂದ ಬಂದ ಲೆಕ್ಕ ಇನ್ನಷ್ಟು ಉಪಯುಕ್ತ. ಗರಿಷ್ಠ ಬಡಿತದಿಂದ ವಿಶ್ರಾಂತಿಯ ಬಡಿತವನ್ನು ಕಳೆಯಿರಿ. ಬಂದದ್ದರಲ್ಲಿ ಬೇಕಾದ ಶೇಕಡಾವಾರು ತೆಗೆದು ವಿಶ್ರಾಂತಿಯ ಬಡಿತಕ್ಕೆ ಕೂಡಿಸಿ. ಗರಿಷ್ಠ 195, ವಿಶ್ರಾಂತಿಯಲ್ಲಿ 65 ಇದ್ದರೆ ನಡುವಿನ ಅಂತರ 130. ಹಗುರವಾದ ಓಟಕ್ಕೆ ಶೇ. 60 ಎಂದರೆ 78, ಅದಕ್ಕೆ 65 ಕೂಡಿಸಿದರೆ 143. ಇದಕ್ಕೆ ದುಬಾರಿ ವಾಚು ಬೇಕಿಲ್ಲ. ಬೆಳಿಗ್ಗೆ ಏಳುವ ಮೊದಲು ಕತ್ತಿನ ಪಕ್ಕದಲ್ಲಿ ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸಿದರೆ ಸಾಕು.

ಹಾಗೆಂದು ಊಹೆಯ ಅಂಕಿಗಳು ವ್ಯರ್ಥವೇ? ಅಲ್ಲ. ಒಂದೇ ವಾಚನ್ನು ಒಂದೇ ರೀತಿಯಲ್ಲಿ ತಿಂಗಳುಗಟ್ಟಲೆ ಕಟ್ಟಿದರೆ ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ದಿಕ್ಕು ತಿಳಿಯುತ್ತದೆ. ಗೆಳೆಯನ ವಾಚಿನ ಅಂಕಿಯೊಂದಿಗೆ ಹೋಲಿಸಿ ಹಿಗ್ಗುವುದಾಗಲಿ ಕುಗ್ಗುವುದಾಗಲಿ ಅರ್ಥವಿಲ್ಲದ್ದು. ಇನ್ನೊಂದು ಎಚ್ಚರಿಕೆ: ಸೂಜಿ ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆಂದು ಹೇಳಿಕೊಳ್ಳುವ ವಾಚುಗಳನ್ನು ನಂಬಬೇಡಿರೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2024ರ ಫೆಬ್ರವರಿಯಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಮನೆಯಲ್ಲಿ ಮಧುಮೇಹಿಗಳಿದ್ದರೆ ಈ ವಿಷಯವನ್ನು ಅವರಿಗೆ ತಿಳಿಸಿ.

ಬಳಕೆಯಲ್ಲಿ ಕಾಣುವ ವ್ಯತ್ಯಾಸ

ಸಂವೇದಕಗಳ ಮಾತು ಮುಗಿಯಿತು. ದಿನನಿತ್ಯದ ಬಳಕೆಯಲ್ಲಿ ನಾಲ್ಕು ವ್ಯತ್ಯಾಸಗಳನ್ನು ಗಮನಿಸಬಹುದು.

ಮೊದಲನೆಯದು ಬ್ಯಾಟರಿ. ಆಪಲ್ ವಾಚಿನ ಅನೇಕ ಮಾದರಿಗಳಿಗೆ ಕಂಪನಿ ಹೇಳುವ ಅವಧಿ 18 ಗಂಟೆ. ಗಾರ್ಮಿನ್ ಫೋರ್‌ರನ್ನರ್ 55ರಂಥ ಆರಂಭಿಕ ತರಬೇತಿ ವಾಚಿಗೆ ಕಂಪನಿ ಹೇಳುವುದು ಸಾಮಾನ್ಯ ಬಳಕೆಯಲ್ಲಿ ಎರಡು ವಾರ, ಜಿಪಿಎಸ್ ಚಾಲೂ ಇದ್ದಾಗ 20 ಗಂಟೆ. ಇದರಲ್ಲಿ ಇನ್ನೊಂದು ಲೆಕ್ಕ ಅಡಗಿದೆ. ದಿನವೂ ಚಾರ್ಜ್ ಮಾಡುವ ವಾಚಿಗೆ ವರ್ಷಕ್ಕೆ 365 ಬಾರಿ ಚಾರ್ಜ್ ಬೇಕು. ವಾರಕ್ಕೊಮ್ಮೆ ಮಾಡುವುದಕ್ಕೆ 52 ಬಾರಿ ಸಾಕು. ಲಿಥಿಯಂ ಬ್ಯಾಟರಿ ಕೆಲವು ನೂರು ಬಾರಿ ಪೂರ್ತಿ ಚಾರ್ಜ್ ಆದ ಮೇಲೆ ಕ್ರಮೇಣ ಸೊರಗುತ್ತದೆ. ಆದ್ದರಿಂದ ಬೆಲೆ ಕೇಳುವಾಗ ಎಷ್ಟು ವರ್ಷ ಬಾಳೀತು ಎಂದೂ ಕೇಳಬೇಕು.

ಎರಡನೆಯದು ಗುಂಡಿ. ಬೆವರಿದ ಬೆರಳಿಗೂ ಮಳೆಯ ಹನಿಗೂ ಸ್ಪರ್ಶಪರದೆ ಸರಿಯಾಗಿ ಓಗೊಡುವುದಿಲ್ಲ. ತರಬೇತಿ ವಾಚಿನ ಪಕ್ಕದಲ್ಲಿರುವ ಗುಂಡಿಗಳನ್ನು ನೋಡದೆಯೂ ಒತ್ತಬಹುದು. ಪ್ರತಿ ಸುತ್ತಿನ ಸಮಯ ಬೇರೆಬೇರೆ ಹಿಡಿಯುವವರಿಗೆ ಇದು ದೊಡ್ಡ ಅನುಕೂಲ.

ಮೂರನೆಯದು ಎತ್ತರ. ಮಧ್ಯಮ ಬೆಲೆಯಿಂದ ಮೇಲಿನ ಅನೇಕ ತರಬೇತಿ ವಾಚುಗಳಲ್ಲಿ ವಾಯುಭಾರ ಮಾಪಕವಿರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ನಂದಿಬೆಟ್ಟದ ನೆತ್ತಿ 1478 ಮೀಟರ್. ಈ ಎತ್ತರದಲ್ಲಿ ಸುಮಾರು 9 ಮೀಟರ್ ಏರಿದರೆ ವಾಯುಭಾರ ಒಂದು ಹೆಕ್ಟೋಪಾಸ್ಕಲ್ ಕಡಿಮೆಯಾಗುತ್ತದೆ. ಬೆಟ್ಟ ಹತ್ತುವ ಸೈಕಲ್ ಸವಾರರಿಗೆ ಜಿಪಿಎಸ್ ಹೇಳುವ ಎತ್ತರಕ್ಕಿಂತ ಇದು ಹೆಚ್ಚು ನಂಬಲರ್ಹ. ಸಮತಟ್ಟಾದ ಮೈದಾನದಲ್ಲಿ ಓಡುವವರಿಗೆ ಇದರಿಂದ ಲಾಭವಿಲ್ಲ.

ನಾಲ್ಕನೆಯದೇ ಮುಖ್ಯವಾದದ್ದು: ತರಬೇತಿಯ ಯೋಜನೆ. 400 ಮೀಟರಿನ ಆರು ಬಿರುಸು ಓಟ, ನಡುವೆ 90 ಸೆಕೆಂಡು ವಿಶ್ರಾಂತಿ ಎಂದು ಮೊದಲೇ ಬರೆದಿಟ್ಟರೆ ತರಬೇತಿ ವಾಚು ಪ್ರತಿ ಹಂತದಲ್ಲೂ ಕಂಪಿಸಿ ಎಚ್ಚರಿಸುತ್ತದೆ. ವಾರಗಟ್ಟಲೆಯ ಶ್ರಮವನ್ನು ಒಟ್ಟುಗೂಡಿಸಿ ತೋರಿಸುತ್ತದೆ, ತರಬೇತುದಾರರಿಗೆ ಕಡತವನ್ನು ಕಳುಹಿಸುತ್ತದೆ. ಒಳ್ಳೆಯ ಸ್ಮಾರ್ಟ್ ವಾಚುಗಳೂ ಈಗ ಇದನ್ನು ಕಲಿಯುತ್ತಿವೆ, ಅಗ್ಗದವು ಇನ್ನೂ ಕಲಿತಿಲ್ಲ.

ಹಾಗಾದರೆ ಆಯ್ಕೆ ಹೇಗೆ?

ಅಂಕಿ ನೋಡಿದ ಮೇಲೆ ನಾಳಿನ ಅಭ್ಯಾಸದಲ್ಲಿ ಏನನ್ನಾದರೂ ಬದಲಿಸುತ್ತೀರಾ? ಆಯ್ಕೆಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಬದಲಿಸುವುದಿಲ್ಲ ಎಂದಾದರೆ ದುಬಾರಿ ಅಳತೆ ಬರಿಯ ಅಲಂಕಾರ. ಬದಲಿಸುತ್ತೀರಿ ಎಂದಾದರೆ ತಪ್ಪು ಅಳತೆ ಅಪಾಯಕಾರಿ. ಈ ಒರೆಗಲ್ಲಿಗೆ ಹಚ್ಚಿ ನೋಡೋಣ.

ದಿನಕ್ಕಿಷ್ಟು ಹೆಜ್ಜೆ ನಡೆಯಬೇಕು, ಬಸ್ಸಿನಲ್ಲಿ ಫೋನು ತೆಗೆಯದೆ ಸಂದೇಶ ನೋಡಬೇಕು ಎನ್ನುವವರಿಗೆ ಸಾಧಾರಣ ಸ್ಮಾರ್ಟ್ ವಾಚು ಸಾಕು. ಆರ್.ಟಿ. ನಗರದ ಉದ್ಯಾನದಲ್ಲಿ ಬೆಳಿಗ್ಗೆ ನಡೆಯುವ ನಿಮ್ಮ ಅಜ್ಜ ಅಜ್ಜಿಗೂ ಇದೇ ಅನುಕೂಲ. ಹೆಜ್ಜೆಯ ಎಣಿಕೆ ನೂರು ಅತ್ತಿತ್ತ ಆದರೂ ನಡೆದದ್ದಂತೂ ನಿಜ.

1600 ಮೀಟರ್ ಓಟಕ್ಕೋ ಶಾಲಾ ಕಾಲೇಜು ಕ್ರೀಡಾಕೂಟಕ್ಕೋ ಸಿದ್ಧರಾಗುವವರಿಗೆ ಎರಡೂ ಅನಿವಾರ್ಯವಲ್ಲ. ಅಳೆದ ಮೈದಾನ, ಸ್ಟಾಪ್‌ವಾಚು, ಸಮಯ ಬರೆದಿಡುವ ಒಂದು ನೋಟ್‌ಬುಕ್ಕು, ಒಳ್ಳೆಯ ಒಂದು ಜೊತೆ ಷೂ ಇವು ಮೊದಲು. ವಾಚಿಗೆ ಇಟ್ಟ ಹಣದಲ್ಲಿ ಷೂ ಕೊಂಡರೆ ಮಂಡಿಗೂ ಒಳ್ಳೆಯದು.

ಹತ್ತು ಕಿಲೋಮೀಟರ್, ಅರ್ಧ ಮ್ಯಾರಥಾನ್, ದೂರದ ಸೈಕಲ್ ಸವಾರಿ, ಈಜು ಇವನ್ನು ತರಬೇತುದಾರರ ಯೋಜನೆಯಂತೆ ವರ್ಷವಿಡೀ ಮಾಡುವವರಿಗೆ ತರಬೇತಿ ವಾಚು ಸಾರ್ಥಕ. ಇವರಿಗೂ ಆರಂಭಿಕ ಮಾದರಿ ಮತ್ತು ಒಂದು ಎದೆಪಟ್ಟಿ ಸೇರಿದರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಕೊಳ್ಳುವ ಮೊದಲು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು. ವಾಚಿಗೆ ಸ್ವಂತ ಜಿಪಿಎಸ್ ಇದೆಯೇ, ಇಲ್ಲ ಫೋನಿನದನ್ನು ಬಳಸುತ್ತದೆಯೇ? ಹೊರಗಿನ ಎದೆಪಟ್ಟಿ ಜೋಡಿಸಬಹುದೇ? ಜಿಪಿಎಸ್ ಚಾಲೂ ಇದ್ದಾಗ ಎಷ್ಟು ಗಂಟೆ ಬರುತ್ತದೆ? ಓಟದ ದಾಖಲೆಯನ್ನು ಕಡತವಾಗಿ ಹೊರತೆಗೆಯಬಹುದೇ? ಪ್ರತಿ ತಿಂಗಳೂ ಶುಲ್ಕ ಕಟ್ಟಬೇಕೇ? ದುರಸ್ತಿ ಎಲ್ಲಿ? ಉತ್ತರ ಹೇಳಲು ಅಂಗಡಿಯವರು ತಡವರಿಸಿದರೆ ಕೊಳ್ಳಲು ಅವಸರ ಬೇಡ.

ದಾಖಲೆ ಯಾರ ಕೈಯಲ್ಲಿ?

ಕೊನೆಯದಾಗಿ ಒಂದು ಎಚ್ಚರಿಕೆ. ನೀವು ಓಡಿದ ಹಾದಿ ವಾಚಿನಿಂದ ಫೋನಿಗೆ, ಫೋನಿನಿಂದ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಸ್ಟ್ರಾವಾ ಎಂಬ ಸಂಸ್ಥೆ ತನ್ನ ಬಳಕೆದಾರರು ಓಡಿದ ಹಾದಿಗಳನ್ನೆಲ್ಲ ಒಟ್ಟುಗೂಡಿಸಿ 2017ರ ನವೆಂಬರಿನಲ್ಲಿ ಭೂಪಟವೊಂದನ್ನು ಪ್ರಕಟಿಸಿತು. ಕೆಲವು ದೇಶಗಳಲ್ಲಿನ ಸೇನಾ ನೆಲೆಗಳ ಒಳರಸ್ತೆಗಳು ಅದರಲ್ಲಿ ಎದ್ದು ಕಾಣುತ್ತವೆ ಎಂಬುದು 2018ರ ಜನವರಿಯಲ್ಲಿ ಬೆಳಕಿಗೆ ಬಂತು. ಯಲಹಂಕದಲ್ಲೂ ಜಾಲಹಳ್ಳಿಯಲ್ಲೂ ವಾಯುಪಡೆಯ ನೆಲೆಗಳಿವೆ. ಅಲ್ಲಿ ವಾಸಿಸುವ ವಿದ್ಯಾರ್ಥಿಗಳು ಈ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಇತರರೂ ಅಷ್ಟೇ. ದಿನವೂ ಒಂದೇ ಮನೆಯ ಬಾಗಿಲಿನಿಂದ ಒಂದೇ ಹೊತ್ತಿಗೆ ಹೊರಡುವ ಗೆರೆ ಅಪರಿಚಿತರಿಗೆ ಕಾಣಬೇಕಾಗಿಲ್ಲ. ಮನೆಯ ಸುತ್ತಲಿನ ಹಾದಿಯನ್ನು ಮರೆಮಾಡುವ ವ್ಯವಸ್ಥೆ ಇಂಥ ಹಲವು ಆ್ಯಪುಗಳಲ್ಲಿದೆ, ಅದನ್ನು ಬಳಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಆದ್ದರಿಂದ ಖಾತೆ ತೆರೆಯುವಾಗ ಅಪ್ಪ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮಾಡಿ ನೋಡಿ

1. ಅಳೆದ ಟ್ರ್ಯಾಕಿನ ಮೊದಲ ಪಟ್ಟೆಯಲ್ಲಿ ನಾಲ್ಕು ಸುತ್ತು ಓಡಿ. ನಿಮ್ಮ ಅಥವಾ ಗೆಳೆಯರ ವಾಚು, ಫೋನು ಎಷ್ಟು ದೂರ ತೋರಿಸಿದವು ಎಂದು ಬರೆದುಕೊಳ್ಳಿ. 1600ರಿಂದ ಎಷ್ಟು ವ್ಯತ್ಯಾಸ? ಶೇಕಡಾವಾರು ತಪ್ಪನ್ನು ಕಂಡುಹಿಡಿಯಿರಿ. ಮೂರು ಬೇರೆ ದಿನ ಪುನರಾವರ್ತಿಸಿ.

2. ಓಟ ಮುಗಿದ ಕೂಡಲೇ ಕತ್ತಿನ ನಾಡಿಯನ್ನು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ಅದೇ ಕ್ಷಣದಲ್ಲಿ ವಾಚು ಏನು ಹೇಳುತ್ತದೆ?

3. ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ 12 ನಿಮಿಷದ ಓಟದ ಪರೀಕ್ಷೆಯನ್ನು ದೈಹಿಕ ಶಿಕ್ಷಕರ ಸಮ್ಮುಖದಲ್ಲಿ ಮಾಡಿ. 12 ನಿಮಿಷದಲ್ಲಿ ಓಡಿದ ಮೀಟರುಗಳಿಂದ 504.9 ಕಳೆದು 44.73ರಿಂದ ಭಾಗಿಸಿದರೆ ದೇಹ ನಿಮಿಷಕ್ಕೆ, ಒಂದು ಕಿಲೋಗ್ರಾಂ ತೂಕಕ್ಕೆ ಬಳಸಬಲ್ಲ ಆಮ್ಲಜನಕದ ಅಂದಾಜು ಮಿಲಿಲೀಟರುಗಳಲ್ಲಿ ಸಿಗುತ್ತದೆ. 2400 ಮೀಟರಿಗೆ ಅದು ಸುಮಾರು 42. ಉಬ್ಬಸ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಈ ಪರೀಕ್ಷೆ ಮಾಡಬಾರದು.

ಈ ಮೂರನ್ನೂ ಒಂದು ತಿಂಗಳು ಮಾಡಿ ಬರೆದಿಟ್ಟ ಪುಟಗಳು ನಿಮ್ಮ ಕೈಯಲ್ಲಿದ್ದರೆ, ಯಾವ ವಾಚು ಬೇಕು ಎಂಬ ಪ್ರಶ್ನೆಗೆ ಉತ್ತರ ಆ ಪುಟಗಳಲ್ಲೇ ಸಿಗುತ್ತದೆ. ಆಮೇಲೆ ಅಂಗಡಿಗೆ ಹೋಗಿ.